ರಾಗಿ ತುಂಬಿದ ಕುರಿಮರಿ

ಆ ಕೂಸು ಯಾರು ಕರೆದರೂ ಹೋಗೋದು. ಬೆಳಗೊಳದ ಬೀದಿಯಲ್ಲಿ ಬಳೆ ಮಾರೋಳು ಕೈ ಚಾಚಿದರೂ ಸೈ, ಡೈರಿಯಲ್ಲಿ ಹಾಲು ಅಳೆಯೋನು ಚಿಟಿಕೆ ಹೊಡೆದರೂ ಸೈ, ಬೊಚ್ಚು ಬಾಯಿ ಬಿಟ್ಟು ನಕ್ಕು ಹಾರಿಬಿಡೋದು. ಸ್ವಂತ ಅಪ್ಪನ ತಾಯಿ ಸಿದ್ದಲಿಂಗಮ್ಮ ಕೈ ಚಾಚಿದರೆ ಮಾತ್ರ, ಅಯ್ಯೋ ಶಿವನೇ, ಯಾರೋ ತೊಡೆ ಗಿಲ್ಲಿದ ಹಾಗೆ ಕಿಟಾರನೆ ಕಿರುಚೋದು!

‘ನಿಮ್ಮ ಕುಂಕ್ಮ ವಸಿ ದೊಡ್ಡದು ಕಣಕ್ಕ, ಅದುಕ್ಕೇ ಎದುರ್ಕತದೆ’ ಅಂತ ಬೀಗಿತ್ತಿ ಪಾರ್ವತಮ್ಮ ಸಮಾಧಾನ ಹೇಳಿದಳು. ಮುಂದಿನ ಸಲ ಸಿದ್ದಲಿಂಗಮ್ಮ ಸಾಸಿವೆ ಕಾಳಿನಷ್ಟು ಕುಂಕುಮ ಇಟ್ಟುಕೊಂಡು ಹೋದಳು. ಆಗಲೂ ಅದೇ ರಾಗ, ಅದೇ ತಾಳ.

ಸೊಸೆ ಲತ ಚೊಚ್ಚಲ ಬಾಣಂತನಕ್ಕೆ ಅಂತ ಬೆಳಗೊಳದ ತೌರಿಗೆ ಹೋದವಳು ಇನ್ನೂ ಅಲ್ಲೇ ಇದ್ದಳು. ಸಿದ್ದಲಿಂಗಮ್ಮನ ಊರು ಗೋವಿಂದನಹಳ್ಳಿ. ಅಲ್ಲಿಂದ ಕೆ.ಆರ್. ಪೇಟೆಗೊಂದು ಬಸ್ಸು, ಶ್ರೀರಂಗಪಟ್ಟಣಕ್ಕೊಂದು ಬಸ್ಸು, ಬೆಳಗೊಳಕ್ಕೆ ಮತ್ತೊಂದು. ಇಷ್ಟೆಲ್ಲ ಹತ್ತಿ ಇಳಿದು ಸೊಂಟ ನೋಯಿಸಿಕೊಂಡು ಹೋದವಳಿಗೆ ಮೊಮ್ಮಗಳ ಕಿರುಚಾಟವೇ ಆರತಿ ತಟ್ಟೆ. ಹೋಗಲಿ, ಅದನ್ನಾದರೂ ನುಂಗಿಕೊಳ್ಳಬಹುದು. ಗೌರಿ ಹಬ್ಬಕ್ಕೆ ಮೊದಲು ತಾಯಿ ಮಗೂನ ಮನೆ ತುಂಬಿಸಿಕೊಳ್ಳೋದು ಅಂತ ಮಾತಾಗಿತ್ತು. ಆವತ್ತು ಕೂಸನ್ನ ಬೀಗಿತ್ತಿ ಕೈಯಿಂದ ಅಜ್ಜಿಯೇ ಇಸಕೊಂಡು, ಬಲಗಾಲಿಟ್ಟು ಹೊಸಿಲು ದಾಟಬೇಕು. ಅವರ ಮನೆಯಲ್ಲಿ ಅದು ಹಿಂದಿನಿಂದ ನಡೆದು ಬಂದದ್ದು. ಬೀದಿ ಹೆಂಗಸರೆಲ್ಲ ಸಾಲಾಗಿ ನಿಂತು ನೋಡ್ತಾರೆ. ಆಗ ಈ ಹುಡುಗಿ ಬಾಯಿ ತೆರೆದರೆ? ‘ಮೊಮ್ಮಗೀಗೇ ಬ್ಯಾಡ್ವಂತೆ ನಮ್ಮ ಸಿದ್ದಲಿಂಗಿ’ ಅಂತ ನಲ್ಲಿ ಕಟ್ಟೆಯಲ್ಲಿ ಇನ್ನೊಂದು ಗೌರಿ ಹಬ್ಬ ಬರೋವರೆಗೂ ಮಾತು ನಿಲ್ಲಲ್ಲ. ಜನದ ಮಾತು ಹಾಳಾಗಲಿ, ಅವಳಿಗೇ ಒಳಗೊಳಗೆ ಕರುಳು ಚುರುಕ್ ಅನ್ನುತ್ತಿತ್ತು. ತನ್ನ ಮಗನ ಮೂಗು ಇಟ್ಟುಕೊಂಡು ಹುಟ್ಟಿದ ಕೂಸು ತನ್ನ ಕಂಡರೆ ಮುಖ ತಿರುಗಿಸೋದು ಯಾವ ನ್ಯಾಯ?

ಬರಿಗೈಯಲ್ಲಿ ಹೋಗಿದ್ದೇ ತಪ್ಪು ಅಂತ ಅವಳಿಗೆ ಅನ್ನಿಸಿತು. ಅಂಗನವಾಡಿ ಮೇಡಂ ಸುನಿತಾ ಕೊಕ್ಕೆ ಕಡ್ಡಿ ಹಿಡಿದು ಉಲ್ಲನ್ನಿನಲ್ಲಿ ಬಾಗಿಲ ತೋರಣ, ಟೀವಿಗೆ ಹೊದಿಕೆ ಎಲ್ಲ ಹಾಕುತ್ತಿದ್ದಳು. ಸಿದ್ದಲಿಂಗಮ್ಮ ಅವಳ ಹಿಂದೆ ಬಿದ್ದು, ಮಧ್ಯಾಹ್ನ ಮಧ್ಯಾಹ್ನ ಹೋಗಿ ಕೂತು, ಆ ಕಡ್ಡಿಯ ಮರ್ಮ ಕಲಿತುಕೊಂಡಳು. ಪೇಟೆಯಿಂದ ಬಿಳಿ ಉಲ್ಲನ್ನು ತರಿಸಿದಳು. ಒಂದು ಕುರಿಮರಿ ಹಾಕಬೇಕು ಅಂತ ಅವಳ ಹಟ.

ಗಂಡ ಬೀರಯ್ಯ ಹುಟ್ಟಿದಾಗಿನಿಂದ ಕುರಿ ಹಿಂದೆ ತಿರುಗಿದ ಮನುಷ್ಯ. ಅವನಿಗೆ ನಗು ತಡೆಯಲಾಗಲಿಲ್ಲ.

‘ಅಟ್ಟದ ತುಂಬ ಉಣ್ಣೆ ಬಿದ್ದದೆ, ಇವ್ಳು ಪ್ಯಾಟೆಯಿಂದ ಉಲ್ಲನ್ ತತ್ತಾಳಂತೆ!’

‘ನಿಮ್ಮ ಉಣ್ಣೆ ಕಂಬ್ಳಿಗೆ ಸೈ. ಕೂಸಿನ ಕೆನ್ನೆಗೆ ಚುಚ್ಚಲ್ವಾ? ಸುಮ್ಕಿರಿ ಸಾಕು.’

ಸುಮ್ಮನಿರೋ ಜಾತಿಯಲ್ಲ ಬೀರಯ್ಯ. ಮೊದಲು ಹಾಕಿದ ಕಿವಿ ನೋಡಿ, ‘ಇದು ಮೊಲದ ಕಿವಿ ಕಣಮ್ಮಿ, ಕುರಿ ಕಿವಿ ಜೋಲಬೇಕು’ ಅಂತ ಬಿಚ್ಚಿಸಿದ. ಬಾಲ ನೋಡಿ ನಾಯಿದು ಅಂದ. ಹಾಗೆ ಅಂದಾಗಲೆಲ್ಲ ಸಿದ್ದಲಿಂಗಮ್ಮ ಸಿಟ್ಟಿನಲ್ಲಿ ದಾರ ಬಿಗಿಯಾಗಿ ಜಗ್ಗುತ್ತಿದ್ದಳು. ಅವನ ಕಾಟ ಜಾಸ್ತಿಯಾದ ದಿನ ಹಾಕಿದ ಕಾಲು ಮಿಕ್ಕ ಮೂರಕ್ಕಿಂತ ಮೋಟಾಯಿತು. ಆದರೇನಂತೆ? ಹೆತ್ತವರಿಗೆ ಹೆಗ್ಗಣ ಮುದ್ದು. ಅವಳು ಅದನ್ನ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

ಇನ್ನು ಹೊಟ್ಟೆಗೆ ಏನು ತುಂಬೋದು? ಸುನಿತಾ ಹತ್ತಿ ತುಂಬಿ ಅಂದಳು. ಸಿದ್ದಲಿಂಗಮ್ಮನಿಗೆ ಅದು ಒಪ್ಪಿಗೆಯಾಗಲಿಲ್ಲ. ಎಳೆ ಕೂಸಿನ ತಲೆದಿಂಬಿಗೆ ರಾಗಿ ತುಂಬೋದು ಅವರ ಮನೆಯ ಪದ್ಧತಿ. ರಾಗಿ ತಂಪು, ತಲೆ ಗುಂಡಗಾಗುತ್ತೆ. ಮಗ ಕನಕರಾಜುವಿನ ತಲೆ ನೋಡಿ ಬೇಕಾದರೆ, ಕಡೆದಿಟ್ಟ ಹಾಗಿದೆ! ದಿಂಬಿಗೆ ಆಗೋದು ಗೊಂಬೆಗೆ ಯಾಕಾಗಬಾರದು? ಸುರಿದೇಬಿಟ್ಟಳು ಹೊಸ ರಾಗಿ. ಉಲ್ಲನ್ನಿನ ಸಂದಿಯಿಂದ ಅದು ಸರಸರ ಸುರಿದು, ಜಗಲಿಯ ಕೋಳಿಗಳೆಲ್ಲ ಅವಳ ಹಿಂದೆ ಮೆರವಣಿಗೆ ಹೊರಟವು. ಆಮೇಲೆ ಬೀರಯ್ಯನ ಹಳೇ ಪಂಚೆ ಹರಿದು ಚೀಲ ಹೊಲಿದು, ಅದರಲ್ಲಿ ರಾಗಿ ತುಂಬಿ, ಚೀಲವನ್ನ ಒಳಗಿಟ್ಟು ಹೊಟ್ಟೆ ಮುಚ್ಚಿದಳು. ಕುರಿಮರಿ ಒಳ್ಳೇ ಗುಂಡುಕಲ್ಲಿನ ಹಾಗೆ ತೂಕ ಬಂತು.

‘ಇದನ್ನ ಎತ್ತಾಕೆ ಕೂಸಿಗೆ ಮೊದ್ಲು ಮುದ್ದೆ ಉಣ್ಸಬೇಕು’ ಅಂದ ಬೀರಯ್ಯ.

ಬೆಳಗೊಳದಲ್ಲಿ ಚೀಲದಿಂದ ಕುರಿಮರಿ ತೆಗೆದು ಚಾಪೆ ಮೇಲಿಟ್ಟಳು. ಕೂಸು ಕಣ್ಣರಳಿಸಿ ನೋಡಿತು, ಅಂಬೆಗಾಲಿಟ್ಟು ಬಂತು, ಜೋಲುಕಿವಿ ಹಿಡಿದು ಬಾಯಿಗಿಟ್ಟುಕೊಂಡಿತು. ಸಿದ್ದಲಿಂಗಮ್ಮನಿಗೆ ಹಿಡಿಸಲಾರದ ಹಿಗ್ಗು. ‘ಬಾ ನನ್ ಕಂದ, ಬಾ ಬಾ ಬಾ’ ಅಂತ ಎರಡೂ ಕೈ ಚಾಚಿ ಬಗ್ಗಿದಳು. ಮೂರು ಹೊಲದಾಚೆಯ ಕುರಿಯನ್ನ ಕರೆದು ರೂಢಿಯಾದ ಗಂಟಲು ಅದು. ಕೂಸು ತಲೆ ಎತ್ತಿ ನೋಡಿದ್ದೇ ಹೋ ಅಂತ ಶುರು ಮಾಡಿತು. ಅಳುತ್ತಲೇ ಕುರಿಮರಿಯ ಕಿವಿ ಮಾತ್ರ ಬಿಡಲಿಲ್ಲ.

ಕುರಿಮರಿ ಬೇಕು, ಅಜ್ಜಿ ಬೇಡ! ವಾಪಸು ಬರುವಾಗ ಪಾಂಡವಪುರ ದಾಟೋವರೆಗೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬಸ್ಸಿನಲ್ಲಿ ಪಕ್ಕ ಕೂತವಳು ಕೇಳಿದ್ದಕ್ಕೆ ಧೂಳು ಅಂದಳು.

ಹತ್ತು ದಿನವಾಗಿರಬಹುದು. ಹೆಂಡತಿ ಮಗಳನ್ನ ನೋಡಿಕೊಂಡು ಬಂದ ಕನಕರಾಜು ಚಪ್ಪಲಿ ಬಿಡೋ ಮೊದಲೇ ನಗಲಿಕ್ಕೆ ಶುರು ಮಾಡಿದ.

‘ಅವ್ವಾ, ನಿನ್ನ ಕುರಿಮರಿಗೆ ತುಪ್ಪಟ ಬಂದ್ಬುಟ್ಟದೆ ಕಣವ್ವ!’

ಆಗಿದ್ದಿಷ್ಟು. ಕೂಸು ಕುರಿಮರಿ ಮೇಲೆ ಉಚ್ಚೆ ಹುಯ್ದಿತ್ತು. ಪಾರ್ವತಮ್ಮ ಬಲು ಚೊಕ್ಕಟದ ಹೆಂಗಸು. ಹೊಟ್ಟೆಯಲ್ಲಿ ಏನಿದೆ ಅಂತ ಕೇಳದೆ ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಹಿಂಡಿ, ಬಿಸಿಲಿಗೆ ಬಣ್ಣ ಕೆಟ್ಟೀತು ಅಂತ ಬಚ್ಚಲ ಒಲೆಯ ಮಗ್ಗುಲಲ್ಲಿ ಮಂಕರಿ ಕವುಚಿ ಇಟ್ಟಿದ್ದಳು. ಪಕ್ಕದ ಮನೆಯ ಮದುವೆ ಓಡಾಟದಲ್ಲಿ ಅದು ಮರೆತೇಹೋಗಿತ್ತು. ನೆನೆದ ರಾಗಿ, ಬಟ್ಟೆ ಗಂಟು, ಬೆಚ್ಚನೆ ಜಾಗ. ಮೊಳಕೆ ಬರದೆ ಇನ್ನೇನು ಬಂದೀತು?

ಸಿದ್ದಲಿಂಗಮ್ಮನಿಗೆ ನಾಚಿಕೆಯಲ್ಲಿ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಬೀಗರ ಮನೆಯಲ್ಲಿ ಮಾನ ಹೋಯಿತಲ್ಲ! ಮಾರನೇ ಬೆಳಿಗ್ಗೆಯೇ ಒಂದು ಚೀಲ ಬೂರುಗದ ಹತ್ತಿ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಅದನ್ನ ಬಿಚ್ಚಿ, ಹತ್ತಿ ತುಂಬಿ, ಯಾರ ಮುಖವನ್ನೂ ನೋಡದೆ ವಾಪಸು ಬರೋದು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು.

ಬಾಗಿಲಲ್ಲಿ ಪಾರ್ವತಮ್ಮ ಅವಳಿಗಿಂತ ಸಣ್ಣ ಮುಖ ಮಾಡಿಕೊಂಡು ನಿಂತಿದ್ದಳು.

‘ತಪ್ಪಾಯ್ತು ಕಣಕ್ಕ. ನೀವು ಕಷ್ಟಪಟ್ಟು ಹಾಕಿದ್ನ ನಾನು ಆಳ್ ಮಾಡ್ಬುಟ್ಟೆ.’

‘ನಿಂದೇನ್ ತಪ್ಪವ್ವ, ರಾಗಿ ತುಂಬಿದ ನನ್ನ ಬುದ್ದಿಗೆ ಬೆಂಕಿ ಬೀಳ’ ಅಂದುಕೊಂಡು ಸಿದ್ದಲಿಂಗಮ್ಮ ಒಳಗೆ ಬಂದಳು.

ನಡುಮನೆಯಲ್ಲಿ ಮರದ ತಟ್ಟೆಯಲ್ಲಿ ಕುರಿಮರಿ ನಿಂತಿತ್ತು. ಹೊಟ್ಟೆ ಉಬ್ಬಿ ಡೊಳ್ಳಾಗಿತ್ತು. ಪಂಚೆ ತೂರಿಕೊಂಡು, ಉಲ್ಲನ್ನಿನ ಸಂದಿ ಸಂದಿಯಿಂದ ಬಿಳಿ ಬೇರು, ಹಸಿರು ಮೊಳಕೆ ಸೊಂಪಾಗಿ ಎದ್ದು ನಿಂತಿದ್ದವು. ಬೆನ್ನ ಮೇಲೆ ದಟ್ಟ, ಕುತ್ತಿಗೆಯಲ್ಲಿ ವಿರಳ. ಕಿವಿ ಮಾತ್ರ ಬೋಳು. ಥೇಟು ಉಣ್ಣೆ ಕತ್ತರಿಸೋ ಕಾಲಕ್ಕೆ ಬಂದ ಕುರಿ! ಅದರ ಮುಂದೆ ಕೂಸು ಕಾಲು ಚಾಚಿ ಕೂತು, ಒಂದೊಂದೇ ಮೊಳಕೆ ಕಿತ್ತು ನೆಲಕ್ಕೆ ಹಾಕುತ್ತಿತ್ತು.

‘ನೋಡಿ ಅತ್ತೆ, ಉಣ್ಣೆ ಕತ್ತರಸ್ತಾ ಅವ್ಳೆ’ ಅಂದಳು ಲತ.

ಸಿದ್ದಲಿಂಗಮ್ಮನಿಗೆ ಏನಾಯಿತೋ. ಬೀರಯ್ಯ ಇದನ್ನ ನೋಡಿದ್ದರೆ ಇದರ ಹಲ್ಲು ಎಣಿಸಿ ಸಂತೆಯಲ್ಲಿ ಬೆಲೆ ಕಟ್ಟುತ್ತಿದ್ದ ಅಂತ ಅನ್ನಿಸಿದ್ದೇ ತಡ, ಹೊಟ್ಟೆಯೊಳಗಿನಿಂದ ನಗು ನುಗ್ಗಿತು. ತಡೆಯೋಕೆ ಹೋದರೆ ಮೂಗಿನಿಂದ ಬಂತು. ಬಗಲ ಚೀಲ ಜಾರಿ ಹತ್ತಿಯೆಲ್ಲ ಹಾರಿತು. ಗೋಡೆಗೆ ಒರಗಿ ನೆಲಕ್ಕೆ ಕುಸಿದು, ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕಳು. ಪಾರ್ವತಮ್ಮನೂ ಶುರು ಮಾಡಿದಳು. ಮಾನ, ನಾಚಿಕೆ, ಗೌರಿ ಹಬ್ಬ ಎಲ್ಲ ಮರೆತುಹೋಯಿತು. ಕೂಸು ಅಲ್ಲಿ ಕೂತಿದೆ ಅನ್ನೋದೂ ಮರೆತುಹೋಯಿತು.

ಮೊಣಕಾಲಿನ ಮೇಲೆ ಏನೋ ಒದ್ದೆ ಒದ್ದೆ ಅನ್ನಿಸಿ ಕಣ್ಣು ಬಿಟ್ಟರೆ, ಜೊಲ್ಲು ಸುರಿಸುತ್ತ ಕೂಸು. ಅವಳ ಸೀರೆ ಹಿಡಿದು ಎದ್ದು ನಿಂತು, ಈ ನಗೋ ಹೆಂಗಸು ಯಾರು ಅಂತ ಮುಖವನ್ನೇ ನೋಡುತ್ತಿತ್ತು. ಆಮೇಲೆ ತಾನೂ ಕಿಲಕಿಲ ನಕ್ಕು, ಕೈಯಲ್ಲಿದ್ದ ಮೊಳಕೆಯನ್ನ ಅಜ್ಜಿಯ ಬಾಯಿಗೆ ತುರುಕಿತು.

ಸಿದ್ದಲಿಂಗಮ್ಮ ಅದನ್ನ ಅಗಿದು ನುಂಗಿದಳು. ಕೈ ಚಾಚಲಿಕ್ಕೂ ಅವಳಿಗೆ ಹೆದರಿಕೆ. ಕೂಸೇ ಹತ್ತಿ ಮಡಿಲಲ್ಲಿ ಕೂತಿತು.

ಸಂಜೆಯಾಗುತ್ತ ಬಂತು. ಕೂಸು ಅಲ್ಲೇ ಅವಳ ಎದೆಗೆ ಕೆನ್ನೆ ಒತ್ತಿ ತೂಕಡಿಸುತ್ತಿತ್ತು. ಪಾರ್ವತಮ್ಮ ಬಂದು, ‘ಬಾರೆ ರಮ್ಯ, ಅಜ್ಜಿ ಊರ್ಗೋಗ್ಲಿ’ ಅಂತ ಕೈ ಚಾಚಿದಳು. ಕೂಸು ಮುಖ ಆ ಕಡೆ ತಿರುಗಿಸಿ ಸಿದ್ದಲಿಂಗಮ್ಮನ ಕತ್ತು ತಬ್ಬಿಕೊಂಡಿತು.

‘ಬಸ್ಸಿಗೆ ಒತ್ತಾಯ್ತು ಕಣಕ್ಕ, ಇದು ಕಡೇ ಬಸ್ಸು. ಕೊಡಿ ಇತ್ತಗೆ.’

‘ಓಗ್ಲಿ ಬುಡವ್ವ ಆ ಬಸ್ಸು’ ಅಂದಳು ಸಿದ್ದಲಿಂಗಮ್ಮ.