ಹಳೇ ಮನೆಯ ಬಣ್ಣ

ಇನ್ನೊಂದೇ ಕಿಟಕಿ ಉಳಿದಿದೆ ಎಂದು ಡೆನೀಸ್ ಇಂಗ್ಲಿಷಿನಲ್ಲಿ ಹೇಳಿ, ಡ್ರಿಲ್ಲಿಂಗ್ ಮಷೀನಿನಂತಿದ್ದ ತನ್ನ ಉಪಕರಣವನ್ನು ಮಗುವಿನ ಕೋಣೆಯ ಚೌಕಟ್ಟಿಗೆ ಒತ್ತಿ ಹಿಡಿದಳು. ಊರ್ಮಿಳಾ ಹತ್ತಿರ ಬಂದು ಕತ್ತು ಚಾಚಿದಳು. ಬಣ್ಣದಲ್ಲಿ ಸೀಸವಿದ್ದರೆ ಅದರ ಪರದೆಯ ಮೇಲೆ ಅಂಕಿ ಏರುತ್ತದೆ, ಇಲ್ಲದಿದ್ದರೆ ಸೊನ್ನೆ. ಕೌಂಟಿಯ ಆರೋಗ್ಯ ಇಲಾಖೆಯಿಂದ ಬಂದಿದ್ದ ಈ ಹೆಂಗಸು ಬೆಳಗಿನಿಂದ ಗೋಡೆ, ಬಾಗಿಲು, ಮೆಟ್ಟಿಲು ಯಾವುದನ್ನೂ ಬಿಟ್ಟಿರಲಿಲ್ಲ.

ಊರ್ಮಿಳಾಳ ಮಗಳು, ಎರಡು ವರ್ಷದ ಇಂಪನಾಳ ರಕ್ತದಲ್ಲಿ ಸೀಸ ಸಿಕ್ಕಿತ್ತು. ಮತ್ತೆ ಪರೀಕ್ಷೆ ಮಾಡಿಸಿದಾಗ ಇನ್ನೂ ಹೆಚ್ಚಾಗಿತ್ತು. ಹೀಗೇ ಏರಿದರೆ ಆಸ್ಪತ್ರೆಗೆ ಸೇರಿಸಬೇಕು, ಮಿದುಳಿಗೆ ಪೆಟ್ಟು ಬಿದ್ದರೆ ಮತ್ತೆ ಸರಿಹೋಗುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಎಲ್ಲಿಂದ ಬರುತ್ತಿದೆ, ಮೊದಲು ಹುಡುಕಿ ಎಂದಿದ್ದರು.

ಎಲ್ಲಿಂದ ಎನ್ನುವುದರಲ್ಲಿ ಗಂಡ ಅವಿನಾಶನಿಗೆ ಅನುಮಾನವೇ ಇರಲಿಲ್ಲ: ಈ ಹಳೇ ಮನೆಯ ಬಣ್ಣದಿಂದಲೇ. ಪಕ್ಕದ ಊರಾದ ಮಾರಿಸ್‌ವಿಲ್‌ನಲ್ಲಿ ದೇವಸ್ಥಾನಕ್ಕೂ ಕ್ರಿಕೆಟ್ ಮೈದಾನಕ್ಕೂ ಹತ್ತಿರದ ಹೊಸ ಟೌನ್‌ಹೌಸೊಂದನ್ನು ಅವನು ಒಪ್ಪಿಕೊಂಡು ಬಂದಿದ್ದ. ಅದು ಬೇಡವೆಂದು, ರಾಲಿಯ ಹಳೇ ಪೇಟೆಯಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಈ ಮರದ ಮನೆಯೇ ಬೇಕೆಂದು ಹಠ ಹಿಡಿದವಳು ಊರ್ಮಿಳಾ. ಅವಳು ಯೂನಿವರ್ಸಿಟಿಯಲ್ಲಿ ಪಾಠ ಹೇಳುವುದೂ ಅದೇ ಕಾಲದ್ದು: ಲಂಡನ್ನಿನ ಒಂದು ಬಡ ಪೇಟೆಯಲ್ಲಿ ಜನ ಯಾಕೆ ಸಾಯುತ್ತಿದ್ದರು ಎಂಬುದು. ಹಸುಗೂಸು ಸತ್ತರೆ ಹಲ್ಲು ಹುಟ್ಟುತ್ತಿದ್ದುದೇ ಕಾರಣವೆಂದು ಅಲ್ಲಿ ಎಷ್ಟೋ ಸಲ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಹಲ್ಲಿನ ನೋವಿಗೆಂದು ತಾಯಂದಿರು ಮುದ್ದು ಮಾಡಿ ನೆಕ್ಕಿಸುತ್ತಿದ್ದ ಪುಡಿಯಲ್ಲೇ ಪಾದರಸವಿತ್ತು. ಇದನ್ನು ಊರ್ಮಿಳಾ ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತಿದ್ದಳು. ಹೇಳಿ ಏನು ಬಂತು? ಸ್ವಂತ ಮಗುವಿನ ವಿಷಯದಲ್ಲಿ ಅವಳಿಗೆ ಏನೂ ಹೊಳೆದಿರಲಿಲ್ಲ.

"ಜೀರೋ," ಎಂದಳು ಡೆನೀಸ್. ಹಿಂದಿನ ಮಾಲೀಕರು ಹಳೇ ಬಣ್ಣವನ್ನೆಲ್ಲ ಕೆರೆಸಿ ತೆಗೆಸಿದ್ದಾರೆ, ಮನೆಯಲ್ಲಿ ಏನೂ ತೊಂದರೆಯಿಲ್ಲ ಎಂದಳು.

ಅವಿನಾಶ ನಂಬಲಿಲ್ಲ. "ಇನ್ನೊಂದ್ಸಲ ಚೆಕ್ ಮಾಡೋಕೆ ಹೇಳು. ಈ ಮನೇಲೇ ಇರ್ಬೇಕು."

"ಎಲ್ಲಾ ಚೆಕ್ ಮಾಡಿದಾರೆ ಅವಿ. ನಲ್ಲಿ ನೀರೂ ಟೆಸ್ಟ್ ಆಯ್ತು."

"ಲಂಡನ್‌ನಲ್ಲಿ ಯಾವ ಕಾಲದಲ್ಲೋ ಯಾರ್ಯಾರು ಯಾಕೆ ಸತ್ರು ಅಂತ ಲೆಕ್ಚರ್ ಕೊಡ್ತೀಯ. ನಮ್ಮ ಮಗೂಗೆ ಏನಾಗ್ತಿದೆ ಅಂತ ಗೊತ್ತಿಲ್ವಲ್ಲ ನಿಂಗೆ!"

ಅಡುಗೆಮನೆಯಿಂದ ಅವಿನಾಶನ ತಾಯಿ ಮೈಥಿಲಮ್ಮ ಇಣುಕಿದರು. "ಅವಳ ಮೇಲ್ಯಾಕೋ ಹಾರಾಡ್ತೀಯ? ಮನೆ ಸರಿಯಾಗಿದೆ ಅಂತ ಅವ್ರೇ ಹೇಳ್ತಿದಾರಲ್ಲ. ಗಟ್ಟಿ ಮನೆ ಕಣೋ ಇದು."

ಮೊಮ್ಮಗಳನ್ನು ನೋಡಿಕೊಳ್ಳಲು ಮೈಸೂರಿನಿಂದ ಬಂದಂದಿನಿಂದ ಮೈಥಿಲಮ್ಮ ಈ ಮನೆಯ ಪರವಾಗಿಯೇ ಮಾತಾಡುತ್ತಿದ್ದರು. ಊರ್ಮಿಳಾಳಿಗೆ ಅಳು ಉಕ್ಕಿ ಬಂತು. ಈ ಮನೆಯಲ್ಲಿ ತನ್ನ ಕಡೆ ನಿಲ್ಲುವವರು ಇವರೊಬ್ಬರೇ ಎನ್ನಿಸಿತು.

ಡೆನೀಸ್ ಕೊನೆಗೆ ಅಡುಗೆಮನೆಯ ಕಟ್ಟೆಗೆ ಬಂದು ಅರಿಶಿನ, ಖಾರದಪುಡಿ, ದೇವರ ಮುಂದಿನ ಕುಂಕುಮಕ್ಕೂ ಯಂತ್ರ ಹಿಡಿದಳು. ಎಲ್ಲವೂ ಸೊನ್ನೆ. ಬೇರೆ ಏನಾದರೂ ನೆನಪಾದರೆ ಫೋನ್ ಮಾಡಿ ಎಂದು ಯಂತ್ರವನ್ನು ಪೆಟ್ಟಿಗೆಗೆ ಸೇರಿಸಿ, ಮುಚ್ಚಳ ಹಾಕಿದಳು.

ಇಂಗಿನ ಒಗ್ಗರಣೆ ಚುರ್ ಎಂದಿತು. "ಇಂಪೂ, ಬಾರೇ ಬಂಗಾರಿ, ಮಮ್ಮು ತಿನ್ನೋಣ," ಎಂದು ಅಜ್ಜಿ ಕರೆದದ್ದೇ ಮಗು ಓಡಿಹೋಗಿ ಕುರ್ಚಿ ಹತ್ತಿತು. ಅಜ್ಜಿಯ ಸಾರನ್ನ ಬಿಟ್ಟು ಬೇರೆ ಯಾವುದಕ್ಕೂ ಈಗೀಗ ಅದು ಬಾಯಿ ತೆರೆಯುತ್ತಿರಲಿಲ್ಲ. ಊರ್ಮಿಳಾ ಸುಮ್ಮನೆ ಆ ಕಡೆ ನೋಡಿದಳು. ಒಲೆಯ ಮೇಲೆ ಅತ್ತೆ ಊರಿನಿಂದ ತಂದ ಹಿತ್ತಾಳೆ ಪಾತ್ರೆ. ಒಳಗೆ ಬೆಳ್ಳಗೆ ಹೊಳೆಯುವ ತವರದ ಹೊಸ ಕಲಾಯಿ. ಅದರಲ್ಲಿ ಹುಣಸೆಹುಳಿಯ ಸಾರು ಕುದಿಯುತ್ತಿತ್ತು.

ಒಂದು ಕ್ಷಣ ಅವಳಿಗೆ ಸಂತೋಷವೇ ಆಯಿತು. ನನ್ನ ಮನೆಯದಲ್ಲ ತಪ್ಪು! ಮರುಕ್ಷಣವೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಷ್ಟರಲ್ಲಿ ಮೈಥಿಲಮ್ಮ ಅನ್ನ ಕಲಸಿ ತುತ್ತು ಎತ್ತಿದ್ದರು.

"ಅತ್ತೆ, ತಿನ್ನಿಸ್ಬೇಡಿ!"

"ಯಾಕಮ್ಮ? ಬಿಸಿ ಇಲ್ಲ, ಆರಿಸಿದೀನಿ."

ಊರ್ಮಿಳಾ ಒಲೆ ಆರಿಸಿದಳು. ಬಟ್ಟೆಯಲ್ಲಿ ಪಾತ್ರೆ ಹಿಡಿದು ಸಾರನ್ನು ಸಿಂಕಿಗೆ ಸುರಿದಳು, ತೊಳೆದು ಒರೆಸಿ ಡೆನೀಸಳ ಮುಂದಿಟ್ಟಳು. ಪೆಟ್ಟಿಗೆ ಮತ್ತೆ ತೆರೆಯಿತು. ಯಂತ್ರದ ಮೂತಿ ಪಾತ್ರೆಯ ತಳಕ್ಕೆ ತಾಗಿತು. ಅಂಕಿ ಏರಿತು, ಏರುತ್ತಲೇ ಹೋಯಿತು. ಡೆನೀಸ್ ಪರದೆಯನ್ನು ಅವರ ಕಡೆ ತಿರುಗಿಸಿದಳು.

"ಏನಂತೆ?" ಎಂದರು ಮೈಥಿಲಮ್ಮ. ಅವಿನಾಶ ತಾಯಿಯ ಮುಖವನ್ನೇ ನೋಡುತ್ತಿದ್ದ. "ಊರ್ಮಿ, ನೀನಾದ್ರೂ ಹೇಳೇ," ಎಂದು ಅವರು ಸೊಸೆಯ ಕಡೆ ತಿರುಗಿದರು.

"ಕಲಾಯೀಲಿ ಸೀಸ ಬೆರೆಸಿದಾರೆ ಅತ್ತೆ. ಹುಳಿಗೆ ಅದು ಸಾರಿಗಿಳೀತಿದೆ."

"ಇಲ್ಲ ಇಲ್ಲ, ಇದಕ್ಕೆ ನಾನೇ ಮುಂದೆ ನಿಂತು ಹಾಕಿಸಿದ್ದು ಕಣಮ್ಮ." ಅವರು ಸೊಸೆಯಿಂದ ಮಗನತ್ತ, ಮಗನಿಂದ ಡೆನೀಸಳತ್ತ ನೋಡಿದರು. "ಮಗು ಉಣ್ಣೋ ಪಾತ್ರೆ ಕಣಪ್ಪ, ಒಂದು ಕೈ ಸಾಲ್ದು, ಎರಡು ಕೈ ಕಲಾಯಿ ಹಾಕು ಅಂತ, ನಾನೇ ಕಲಾಯಿಯವನಿಗೆ..."

ಅವಿನಾಶ ಏನೋ ಹೇಳಲು ಬಾಯಿ ತೆರೆದ. ಊರ್ಮಿಳಾ ಅವನ ಮುಂಗೈ ಗಟ್ಟಿಯಾಗಿ ಹಿಡಿದಳು. "ಒಂದು ಮಾತೂ ಬೇಡ ಅವಿ."

"ಅಜ್ಜಿ, ಸಾರು ಬೇಕು," ಎಂದಿತು ಇಂಪನಾ. ಬಾಯಿ ಅಗಲಿಸಿಕೊಂಡು ಕಾಯುತ್ತಿತ್ತು. ಮೈಥಿಲಮ್ಮನ ಬೆರಳುಗಳಲ್ಲಿ ತುತ್ತು ಇನ್ನೂ ಹಾಗೇ ಇತ್ತು. ಅವರು ನಿಧಾನವಾಗಿ ಮುಷ್ಟಿ ಬಿಗಿಹಿಡಿದರು. ಸಾರು ಬೆರಳ ಸಂದಿಯಿಂದ ಇಳಿದು ಮುಂಗೈಯ ಬಳೆಗಳವರೆಗೆ ಹರಿಯಿತು.