ಎಪ್ಪತ್ತೆರಡು ಗಂಟೆಯೊಳಗೆ

ಚುರುಕಿ ಆ ಬೆಳಿಗ್ಗೆ ಎರಡನೇ ಅಂಗಿಯ ಕಾಲರ್ ಸುಟ್ಟಳು. ಮಗನೆಂದು ಬೆಳೆಸಿದ ಮನೆಯಿಂದ ಹೆಣ್ಣಾಗಿ ಹೊರಬಂದವಳು ಅವಳು. ಅಕ್ಕನ ಇಸ್ತ್ರಿ ಅಂಗಡಿಯೇ ನೆಲೆ.

"ಕೈ ಎಲ್ಲೋ, ಕಣ್ಣೆಲ್ಲೋ! ನಿನ್ನೆಯಿಂದ ನಿಂತಲ್ಲಿ ನಿಲ್ತಿಲ್ಲ, ಕೂತಲ್ಲಿ ಕೂರ್ತಿಲ್ಲ. ಏನಾಯ್ತು ಹೇಳೇ" ಎಂದು ಅಕ್ಕ ಗದರಿದಳು.

ಚುರುಕಿ ಒದ್ದೆ ಬಟ್ಟೆಗೇ ಮತ್ತೆ ನೀರು ಚಿಮುಕಿಸಿದಳು.

ಅಷ್ಟರಲ್ಲಿ ಆರೋಗ್ಯ ಕಾರ್ಯಕರ್ತೆ ತನ್ನ ಬಿಳಿ ಕೋಟು ಒಯ್ಯಲು ಬಂದಳು. ಅವಳೂ ಚುರುಕಿಯಂಥವಳೇ. ಅವಳನ್ನು ಕಂಡದ್ದೇ ಚುರುಕಿ ಬಾಯಿಬಿಟ್ಟಳು.

"ಮೊನ್ನೆ ಸಂಜೆ ಗೆಳೆಯನ ಜೊತೆ ಇದ್ದಾಗ ಕಾಂಡೋಮ್ ಹರಿದುಹೋಯ್ತು. ಅವನು ಯಾವತ್ತೂ ಎಚ್‌ಐವಿ ಪರೀಕ್ಷೆ ಮಾಡಿಸಿಲ್ವಂತೆ. ನನ್ನ ಕಥೆ ಮುಗೀತು ಅಲ್ವಾ?"

"ಮುಗಿಯೋಕೆ ಏನಾಗಿದೆ ಈಗ? ಎಪ್ಪತ್ತೆರಡು ಗಂಟೆಯೊಳಗೆ ಔಷಧಿ ಶುರು ಮಾಡಿದ್ರೆ ಸೋಂಕು ತಡೀಬಹುದು. ಎಷ್ಟು ಬೇಗನೋ ಅಷ್ಟು ಒಳ್ಳೇದು. ನಡಿ ಆಸ್ಪತ್ರೆಗೆ!"

"ಬೇಡಪ್ಪ. ಹೋದ್ಸಲ ಜ್ವರಕ್ಕೆ ಹೋದಾಗ್ಲೇ ಹಳೇ ಹೆಸರು ಕೂಗಿ ನಕ್ಕಿದ್ರು. ಇದಕ್ಕೆ ಹೋದ್ರೆ ಊರೆಲ್ಲ ಡಂಗುರ."

ಅಕ್ಕನಿಗೂ ಅನುಮಾನ. "ಒಂದೇ ಸಲಕ್ಕೆ ಏನಾಗ್ಬಿಡತ್ತೆ? ಸುಮ್ನೆ ಕೆರೆದು ಹುಣ್ಣು ಮಾಡ್ಕೊಳ್ಳೋದ್ಯಾಕೆ?"

"ಒಂದೇ ಸಲಕ್ಕೂ ಬರಬಹುದು ಅಕ್ಕ, ಬರದೇನೂ ಇರಬಹುದು. ಕಾದು ನೋಡೋಣ ಅಂತ ಕೂತ್ರೆ ಗಡುವು ದಾಟತ್ತೆ. ಆಮೇಲೆ ಈ ಔಷಧಿ ಕೆಲಸಕ್ಕೆ ಬರಲ್ಲ" ಎಂದಳು ಕಾರ್ಯಕರ್ತೆ.

ಅಕ್ಕ ಗಡಿಯಾರ ನೋಡಿದಳು. ತಂಗಿ ಸುಟ್ಟ ಕಾಲರ್ ನೋಡಿದಳು. ಇಸ್ತ್ರಿಪೆಟ್ಟಿಗೆಯ ವೈರು ಕಿತ್ತಳು.

"ಚಪ್ಪಲಿ ಮೆಟ್ಕೋ. ಯಾವನು ನಗ್ತಾನೋ ನಾನೂ ನೋಡ್ತೀನಿ."

ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಚುರುಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವನಿಗೇನಾಗಿದೆ?" ಎಂದ.

"ಇವಳಿಗೆ!" ಎಂದಳು ಅಕ್ಕ. "ನನ್ನ ತಂಗಿ. ಬೇಗ ಬರೀರಿ."

ಅವನು ತಲೆತಗ್ಗಿಸಿ ಬರೆದ.

ವೈದ್ಯೆ ಬಾಗಿಲು ಮುಚ್ಚಿ, ಮೆಲ್ಲಗೆ ಎಲ್ಲ ವಿಚಾರಿಸಿದರು. ರಕ್ತ ಪರೀಕ್ಷಿಸಿ, ಅಂದೇ ಮಾತ್ರೆ ಶುರು ಮಾಡಿಸಿದರು. ಇಪ್ಪತ್ತೆಂಟು ದಿನ, ಒಂದು ದಿನವೂ ತಪ್ಪಬಾರದು. ಮೊದಲ ವಾರ ಹೊಟ್ಟೆ ತೊಳಸಿತು. ಚುರುಕಿ ಸಾಕೆಂದಾಗ ಅಕ್ಕ ನೀರಿನ ಲೋಟ ಹಿಡಿದು ಎದುರೇ ನಿಂತಳು.

ಮೂರು ತಿಂಗಳ ಬಳಿಕ ಕೊನೆಯ ಪರೀಕ್ಷೆ. ಆ ದಿನ ಇಬ್ಬರೂ ಬೆಂಚಿನ ಮೇಲೆ ಕೂರಲಾರದೆ ಅತ್ತಿಂದಿತ್ತ ತಿರುಗಿದರು. ಸೋಂಕು ತಗಲಿರಲಿಲ್ಲ. ಅಕ್ಕ ಗೋಡೆಗೊರಗಿ ಅತ್ತುಬಿಟ್ಟಳು. ಚುರುಕಿ ಮತ್ತೆ ಒಳಗೆ ಹೋಗಿ, ಸೋಂಕು ಬರದಂತೆ ಮುಂಚಿತವಾಗಿ ನುಂಗುವ ಮಾತ್ರೆಯ ಬಗ್ಗೆ ಕೇಳಿದಳು. ಮರುವಾರ ಗೆಳೆಯನನ್ನೂ ಪರೀಕ್ಷೆಗೆ ಎಳೆದು ತಂದಳು.

ಗೆಳೆಯರೇ, ಗೆಳತಿಯರೇ, ಕಾಂಡೋಮ್ ಬಳಸಿ, ಆಗಾಗ ಪರೀಕ್ಷೆ ಮಾಡಿಸಿ. ಸೋಂಕಿದ್ದರೂ ಹೆದರಬೇಡಿ, ಚಿಕಿತ್ಸೆಯಿದೆ. ಅಪಾಯವಾಯಿತೆನಿಸಿದರೆ ನಾಳೆ ನೋಡೋಣ ಎನ್ನಬೇಡಿ, ಈಗಲೇ ಹೊರಡಿ. ನಿಮ್ಮ ಮನೆಯಲ್ಲೂ ಇಂಥ ತಂಗಿಯೋ ತಮ್ಮನೋ ಇದ್ದರೆ ಒಬ್ಬಂಟಿಯಾಗಿ ಕಳಿಸಬೇಡಿ. ಜೊತೆಗೆ ನಡೆಯಿರಿ.