ಮೂರನೇ ಮೇಪಲ್

ಪಕ್ಕದ ಮನೆಯ ರೊನಾಲ್ಡ್ ಬೆಳಗಿನಿಂದ ಆರನೇ ಸಲ ಹಿತ್ತಲಿಗೆ ಬಂದು, ಮೂರನೇ ಮೇಪಲ್ ಗಿಡದ ಎಲೆ ಮುಟ್ಟಿ, ವಾಚು ನೋಡಿಕೊಂಡು ಒಳಗೆ ಹೋದ. ಎರಡೇ ನಿಮಿಷಕ್ಕೆ ಮತ್ತೆ ಬಂದ. ಶಾಲಿನಿ ಕಿಟಕಿಯಿಂದ ನೋಡುತ್ತಲೇ ಇದ್ದಳು.

ಮಂಗಳೂರಿನ ಆ ಮನುಷ್ಯನ ಚಡಪಡಿಕೆಗೆ ಕಾರಣವಿತ್ತು. ಮಹಡಿ ಹತ್ತಲಾಗದೆ ಹಾಲ್‌ನ ಸೋಫಾದಲ್ಲೇ ಮಲಗುವ ಅಮ್ಮನಿಗೆ ಅವನು ಕೆಳಗೊಂದು ಕೋಣೆ ಕಟ್ಟಬೇಕಿತ್ತು. ಅಮೆರಿಕದ ಎವರೆಟ್ ಊರಿನ ಆ ದಿಬ್ಬ ಸಮುದ್ರದ ಕಡೆಗೆ ಜಾರುವಂಥದ್ದು. ಮಣ್ಣು ಹಿಡಿಯಲು ಇದೇ ನೆಲದ ಮೂರು ಮೇಪಲ್ ನೆಟ್ಟು ಎರಡು ವರ್ಷ ಉಳಿಸಿ ತೋರಿಸಿ, ಆಮೇಲೆ ಅನುಮತಿ ಎಂದಿದ್ದರು ಸಿಟಿಯವರು. ಒಂದು ಸತ್ತರೂ ಮತ್ತೆರಡು ವರ್ಷ. ತಪಾಸಣೆ ನಾಳೆಯೇ, ಮೂರನೆಯದರ ಎಲೆಯಂಚು ಜೂನ್ ತಿಂಗಳಲ್ಲೇ ಸುಟ್ಟ ಹಪ್ಪಳದಂತಾಗಿತ್ತು.

ಯಾರ ದನಿಯನ್ನಾದರೂ ಅಣಕಿಸಬಲ್ಲ ಶಾಲಿನಿಗೆ ಇಂಥ ಗಾಬರಿ ಕಂಡರೆ ಬಾಯಿ ತುರಿಸುತ್ತದೆ. ಕಾಫಿಗೆ ಬಂದಿದ್ದ ರೊನಾಲ್ಡನ ಹೆಂಡತಿ ಗ್ರೇಸಿಯೇ ಕುಮ್ಮಕ್ಕು ಕೊಟ್ಟಳು: "ಮಾಡಿ, ಮಾಡಿ. ಎರಡು ದಿನದಿಂದ ಕೂತ್ಕೊಳ್ಳಿಕ್ಕೂ ಬಿಡುದಿಲ್ಲ ಈ ಜನ."

ಶಾಲಿನಿ ನಂಬರ್ ಮರೆಮಾಡಿ ಕಾಲ್ ಮಾಡಿದಳು. ಹಿಂದೊಮ್ಮೆ ಗಿಡ ನೋಡಲು ಬಂದಿದ್ದ ಸಿಟಿಯ ತಪಾಸಣೆಯ ಹೆಂಗಸಿನ ಮೂಗಿನ ಇಂಗ್ಲಿಷಿನಲ್ಲಿ ಕೇಳಿದಳು: ನಾಳೆ ಮಣ್ಣನ್ನೂ ಪರೀಕ್ಷಿಸುತ್ತೇವೆ, ಬುಡಕ್ಕೆ ಏನೇನು ಹಾಕಿದ್ದೀರಿ?

ಹಿತ್ತಲಲ್ಲಿ ರೊನಾಲ್ಡ್ ನೆಟ್ಟಗೆ ನಿಂತ. ಗೊಬ್ಬರ, ಎಂದ ತಾನೂ ಇಂಗ್ಲಿಷಿನಲ್ಲೇ. ಕೊಂಚ ತಡೆದು, ತಪ್ಪೊಪ್ಪಿಕೊಳ್ಳುವವನಂತೆ ಮೆಲ್ಲಗೆ: ಮತ್ತೆ ಉಪ್ಪು. ನಮ್ಮೂರಲ್ಲಿ ತೆಂಗಿಗೆ ಹಾಕುತ್ತೇವೆ. ಇದೊಂದೇ ಕುಳ್ಳಗಿತ್ತು ಅಂತ ಹೋದ ವಾರ...

"ಅಯ್ಯೋ ರೊನಾಲ್ಡ್, ಉಪ್ಪಾ!" ಶಾಲಿನಿಯ ಬಾಯಿಂದ ಮೈಸೂರು ಕನ್ನಡವೇ ಹಾರಿತು. "ಅದೇನು ತೆಂಗಿನ ಮರಾನೇನ್ರೀ? ಬೇರು ಸುಟ್ಟೋಗತ್ತೆ! ಮೊದ್ಲು ಆ ಮಣ್ಣು ತೆಗೀರಿ!"

ಗ್ರೇಸಿ ಲೋಟ ಕೆಳಗಿಟ್ಟಳು. ರೊನಾಲ್ಡ್ ಫೋನನ್ನು ನೋಡಿದ, ಕಿಟಕಿಯನ್ನು ನೋಡಿದ.

ಹೆಂಗಸರಿಬ್ಬರೂ ಓಡಿ ಬರುವಷ್ಟರಲ್ಲಿ ಅವನು ಮೊಣಕಾಲೂರಿ ಬರಿಗೈಯಿಂದ ಬುಡ ಕೆದಕುತ್ತಿದ್ದ. ಗ್ರೇಸಿ ಪೈಪು ಎಳೆದು ತಂದಳು.

"ಸಾರಿ ರೀ, ಸುಮ್ನೆ ತಮಾಷೆಗೆ..." ಎಂದಳು ಶಾಲಿನಿ.

"ನೀವು ಕಾಲ್ ಮಾಡದಿದ್ರೆ ಈವತ್ತು ಇನ್ನೊಂದು ಪ್ಯಾಕೆಟ್ ಹಾಕ್ತಿದ್ದೆ ಮಾರಾಯ್ರೆ!" ರೊನಾಲ್ಡನಿಗೆ ನಗು ಉಕ್ಕಿತು. "ಒಂದು ಮುಷ್ಟಿ ಸಾಕು ಅಂತ ಹೇಳಿದ್ದು ಅಮ್ಮನೇ. ಕೋಣೆ ಬೇಗ ಆಗ್ಲಿ ಅಂತ ಇಡೀ ಪ್ಯಾಕೆಟ್ ಸುರಿದದ್ದು ನಾನು!"

ಗ್ರೇಸಿಗೂ ನಗು ಬಂತು, ಶಾಲಿನಿಗೂ. ಅವರಿಬ್ಬರದು ಬೇಗ ನಿಂತಿತು. ಅವನ ನಗು ಇಳಿಜಾರಿನ ಉದ್ದಕ್ಕೂ ಕೇಳುತ್ತಿತ್ತು. ಸುಟ್ಟ ಎಲೆಯೊಂದು ಕಳಚಿ ಅವನ ಒದ್ದೆ ಕೈ ಮೇಲೆ ಬಿದ್ದಾಗಲೂ.